ಎರಡು ಲೋಟ ಅಕ್ಕಿ

ಅರ್ಥಶಾಸ್ತ್ರದ ಟೀಚರಿಗೆ ಶಾಲೆಯಲ್ಲಿ ಇನ್ನೊಂದು ಹೆಸರಿತ್ತು: ಸೊನ್ನೆ ಟೀಚರ್. ಲೆಕ್ಕ ತಪ್ಪಿದವರಿಗೆ ಆಕೆ ಸೊನ್ನೆ ಕೊಡುತ್ತಿರಲಿಲ್ಲ. ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ತಲೆಗೆ ಹೋಗುವ ತನಕ ಹೇಳಿಕೊಡುತ್ತಿದ್ದಳು. ಅಂಕಿ ಕಟ್ಟಿದವರಿಗೆ ಮಾತ್ರ, ಅಂದರೆ ಅಂಗಡಿಯ ಮೆಟ್ಟಿಲು ಹತ್ತದೆ ಬೆಲೆ ಬರೆದವರಿಗೆ, ಒಬ್ಬರನ್ನೂ ಕೇಳದೆ ಸಮೀಕ್ಷೆ ತುಂಬಿದವರಿಗೆ, ಕೆಂಪು ಶಾಯಿಯಲ್ಲಿ ದುಂಡಗೆ ಒಂದು ಸೊನ್ನೆ. ಇಪ್ಪತ್ತೊಂಬತ್ತು ವರ್ಷದಿಂದ ಬರೆದೂ ಬರೆದೂ ಆ ಸೊನ್ನೆ ಕೈವಾರದಲ್ಲಿ ಎಳೆದ ಹಾಗೆ ಬರುತ್ತಿತ್ತು.

ಇಷ್ಟು ಸತ್ಯವಂತೆಯಾದ ಟೀಚರು ಏಳು ತಿಂಗಳಿಂದ ಸುಳ್ಳು ಹೇಳಿಕೊಂಡು ಬಂದಿದ್ದಳು ಎಂದರೆ ನೀವು ನಂಬಲಿಕ್ಕಿಲ್ಲ. ದೊಡ್ಡ ಸುಳ್ಳೇನಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ, "ನನ್ನ ತಂಗಿ ನಿನ್ನೆ ಒಂದು ಮಾತು ಹೇಳಿದಳು," ಎಂದು ಶುರುಮಾಡುವುದು. ಬೇಗ ಮನೆಗೆ ಹೊರಟರೆ, "ತಂಗಿ ಕಾಯ್ತಿರ್ತಾಳೆ," ಎನ್ನುವುದು. ಇಪ್ಪತ್ತೆರಡು ವರ್ಷ ಅದು ನಿಜವೂ ಆಗಿತ್ತು. ಅಕ್ಕ ತಂಗಿ ಇಬ್ಬರೂ ಮದುವೆಯ ಗೋಜಿಗೆ ಹೋಗದೆ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಒಬ್ಬಳು ಬೆಳಗಿನ ಅಡುಗೆ ಇನ್ನೊಬ್ಬಳು ಸಂಜೆಯ ಅಡುಗೆ ಎಂದು ಹಂಚಿಕೊಂಡು, ಕಿತ್ತಾಡಿಕೊಂಡು, ನಗಾಡಿಕೊಂಡು ಇದ್ದರು. ಆಮೇಲೆ ಐವತ್ತನೆಯ ವಯಸ್ಸಿನಲ್ಲಿ ತಂಗಿ ಕನ್ನಡಕ ಬದಲಾಯಿಸಲು ಹೋದಳು. ಕನ್ನಡಕದ ಅಂಗಡಿಯವನು ಹೆಂಡತಿ ತೀರಿಕೊಂಡವನು, ಮೆತ್ತಗೆ ಮಾತಾಡುವವನು, ಮೂಗಿನ ಮೇಲೆ ಫ್ರೇಮು ಕೂರಿಸುವಾಗ ಕೈ ನಡುಗುವವನು. ತಂಗಿಗೆ ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಸಡಿಲವಾಯಿತು. ನಾಲ್ಕನೆಯ ಸಲಕ್ಕೆ ಅವಳು ಅಕ್ಕನ ಎದುರು ಕೂತು, ಮದುವೆಯಾಗುತ್ತೇನೆ ಎಂದಳು. ಅವನು ಅಂಗಡಿಯನ್ನು ತನ್ನ ಊರಿಗೇ ಸಾಗಿಸುವವನಿದ್ದ. ಆ ಊರು ರೈಲಿನಲ್ಲಿ ಆರು ತಾಸಿನ ದಾರಿ.

ಟೀಚರು ಬೇಡ ಎನ್ನಲಿಲ್ಲ. ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಾಕ್ಷಿಯ ಸಹಿ ಹಾಕಿ, ಅಲ್ಲೇ ಎದುರಿನ ಹೋಟೆಲಿನಲ್ಲಿ ಒಂದು ತುತ್ತು ತಿಂದು, ತಲೆನೋವು ಎಂದು ಹೇಳಿ ಮನೆಗೆ ಬಂದಳು. ಮರುದಿನ ಶಾಲೆಗೆ ಹೋದಳು. ಯಾರೋ, "ತಂಗಿ ಹೇಗಿದಾರೆ?" ಎಂದರು. "ಇದಾಳೆ," ಎಂದಳು. ಅಷ್ಟೇ, ಅಲ್ಲಿಂದ ಶುರು. ಒಬ್ಬಳೇ ಆದೆ ಎಂದು ಬಾಯಿಬಿಟ್ಟರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ಆ 'ಪಾಪ'ವನ್ನು ಹೊತ್ತುಕೊಂಡು ತಿರುಗುವ ಶಕ್ತಿ ತನಗಿಲ್ಲ ಎಂದು ಆಕೆಗೆ ಖಾತ್ರಿಯಾಗಿತ್ತು. ಆಕೆ ಕಾಪಾಡಿಕೊಂಡು ಬಂದದ್ದು ಇದೊಂದನ್ನೇ: ಬೇರೆಯವರ ಕಣ್ಣಿನಲ್ಲಿ ಆ ಮನೆಯಲ್ಲಿ ಇನ್ನೂ ಇಬ್ಬರಿರಬೇಕು. ತಂಗಿ ಭಾನುವಾರಕ್ಕೊಮ್ಮೆ ಫೋನು ಮಾಡಿದರೆ, "ಚೆನ್ನಾಗಿದೀನಿ, ಒಲೆ ಮೇಲೆ ಹಾಲಿದೆ," ಎಂದು ಇಟ್ಟುಬಿಡುತ್ತಿದ್ದಳು. ಹಾಲು ಇರುತ್ತಿದ್ದದ್ದು ಫ್ರಿಜ್ಜಿನಲ್ಲಿ.

ಆ ವರ್ಷ ಹತ್ತನೆಯ ತರಗತಿಯ ಅರ್ಥಶಾಸ್ತ್ರಕ್ಕೆ ಹೊಸ ಪಾಠವೊಂದು ಸೇರಿತು: ಜೈವಿಕ ಆರ್ಥಿಕತೆ ಮತ್ತು ಸುಸ್ಥಿರತೆ. ಪುಸ್ತಕದ ಕಟ್ಟಕಡೆಗೆ, ಬಸ್ಸು ಹೊರಟ ಮೇಲೆ ಓಡಿಬಂದು ಹತ್ತಿದವರ ಹಾಗೆ ಕೂತಿತ್ತು. ಹೆಡ್ಮಾಸ್ತರರು ಕರೆದು, "ನಾಲ್ಕೇ ಅಂಕದ್ದು ಟೀಚರ್. ಮನೇಲಿ ಓದ್ಕೊಳ್ಳಿ ಅಂತ ಹೇಳಿ ಕೈ ತೊಳ್ಕೊಳ್ಳಿ," ಎಂದರು. ಟೀಚರಿಗೆ ಯಾರಾದರೂ ಕೈ ತೊಳೆದುಕೊಳ್ಳಿ ಎಂದರೆ ಸಾಕು, ಎರಡೂ ಕೈಯನ್ನು ಮೊಣಕೈವರೆಗೆ ಅದರೊಳಗೆ ಅದ್ದುವ ಸ್ವಭಾವ. ಎಂಟು ಪೀರಿಯಡ್ಡು ತೆಗೆದಿಟ್ಟಳು.

ಮೊದಲ ದಿನ ಮಕ್ಕಳು ಆಕಳಿಸಿದರು. ಮಣ್ಣಲ್ಲಿ, ನೀರಲ್ಲಿ ಬೆಳೆಯುವುದರಿಂದಲೇ ಊಟ, ಬಟ್ಟೆ, ಕಾಗದ, ಇಂಧನ ಎಲ್ಲ ಮಾಡಿಕೊಳ್ಳುವ ವ್ಯವಸ್ಥೆ, ಮತ್ತೆ ಬೆಳೆಯುವಷ್ಟನ್ನೇ ತೆಗೆಯಬೇಕು, ತೆಗೆದದ್ದನ್ನು ಪೂರ್ತಿ ಬಳಸಬೇಕು ಎಂದೆಲ್ಲ ಹೇಳಿದರೆ ಯಾರಿಗೆ ತಾನೆ ನಿದ್ದೆ ಬರುವುದಿಲ್ಲ. ಆಗ ಟೀಚರು ಬೋರ್ಡಿನ ಮೇಲೆ ಒಂದು ಮೆಟ್ಟಿಲು ಬರೆದಳು. ಒಂದು ಮರ ಮೊದಲು ಮೇಜಾಗಬೇಕು. ಮೇಜು ಮುರಿದರೆ ಹಲಗೆಯಾಗಬೇಕು. ಹಲಗೆಯ ಪುಡಿ ಕಾಗದವಾಗಬೇಕು, ಕೊನೆಗೆ ಬೇಕಾದರೆ ಒಲೆಗೆ ಹೋಗಲಿ. ನೇರ ಒಲೆಗೇ ಹಾಕಿದವನು ಮೂರು ಬಳಕೆಯನ್ನು ಸುಟ್ಟ ಹಾಗೆ. ಅದರ ಪಕ್ಕದಲ್ಲೇ ಇನ್ನೊಂದು ಮೆಟ್ಟಿಲು, ಆಹಾರದ್ದು. ಎಲ್ಲಕ್ಕಿಂತ ಮೇಲೆ ಮನುಷ್ಯರ ಊಟ, ಅದರ ಕೆಳಗೆ ಪ್ರಾಣಿಗಳ ಮೇವು, ಅದರ ಕೆಳಗೆ ಗ್ಯಾಸು ಮತ್ತು ಗೊಬ್ಬರ, ತೀರಾ ಕೆಳಗೆ ಕಸದ ಗುಂಡಿ.

"ಯಾವುದೂ ತನ್ನ ಮೆಟ್ಟಿಲು ಬಿಟ್ಟು ಸುಮ್ಮನೆ ಕೆಳಗೆ ಇಳೀಬಾರದು," ಎಂದಳು. "ಇಳಿದ್ರೆ ಯಾಕೆ ಇಳೀತು ಅಂತ ಕೇಳ್ಬೇಕು. ಈ ಪಾಠದಲ್ಲಿ ಇರೋದು ಅಷ್ಟೇ."

ಕೇಳುವುದಕ್ಕೆ ಅಂಕಿ ಬೇಕಲ್ಲ. ಅದಕ್ಕೆ ಆಕೆ ಒಂದು ಹಾಳೆ ಮಾಡಿದಳು. ಏಳು ದಿನ, ಮೂರು ಅಂಕಣ: ಸಿಪ್ಪೆ, ಬೇಯಿಸಿ ಉಳಿದದ್ದು, ಕೆಟ್ಟುಹೋದದ್ದು. ಪ್ರತಿ ಮನೆಯಲ್ಲೂ ಕಸಕ್ಕೆ ಹೋಗುವ ಮುಂಚೆ ತೂಗಿ, ಯಾವುದು ಎಷ್ಟು ಗ್ರಾಂ ಎಂದು ಬಿಡಿಸಿ ಬರೆಯಬೇಕು. ಹೆಸರು ಹಾಕುವಂತಿಲ್ಲ, ನಂಬರು ಮಾತ್ರ. ಆಮೇಲೆ ಹಾಳೆಗಳನ್ನು ಕಲೆಸಿ, ನಾಲ್ಕು ನಾಲ್ಕು ಮಕ್ಕಳ ಎಂಟು ಗುಂಪಿಗೆ ಹಂಚುವುದು. ಅಂಕಿ ನೋಡಿ ಆ ಮನೆಯಲ್ಲಿ ಎಷ್ಟು ಜನ, ಎಲ್ಲಿ ಪೋಲು ಎಂದು ಗುಂಪು ಹೇಳಬೇಕು, ಕೊನೆಯಲ್ಲಿ ಒಂದು ಸಲಹೆ ಬರೆಯಬೇಕು. ಯಾರ ಹಾಳೆ ಯಾವುದು ಎಂದು ಕೇಳಿದವರಿಗೂ ಸೊನ್ನೆ.

ಮಕ್ಕಳಿಗೆ ಹೇಳಿದ್ದನ್ನು ತಾನೂ ಮಾಡುವುದು ಟೀಚರ ಪದ್ಧತಿ. ಮನೆಯಲ್ಲಿ ತಾನೂ ಒಂದು ಹಾಳೆ ತುಂಬಲು ಕೂತಳು. ಒಳಗೊಳಗೆ ಸ್ವಲ್ಪ ಜಂಬವೂ ಇತ್ತು ಅನ್ನಿ. ದಂಟು ಬಿಸಾಡದವಳು, ಬ್ರೆಡ್ಡಿನ ಅಂಚು ಕತ್ತರಿಸದವಳು, ತನ್ನ ಹಾಳೆಯೇ ಎಲ್ಲಕ್ಕಿಂತ ಚೊಕ್ಕಟವಾಗಿರುತ್ತದೆ ಎಂದುಕೊಂಡಿದ್ದಳು.

ಮೊದಲ ದಿನ ಫ್ರಿಜ್ಜಿನಿಂದ ಮುಚ್ಚಿಟ್ಟ ಪಾತ್ರೆ ತೆಗೆದು, ಹಿಂದಿನ ರಾತ್ರಿಯ ಅನ್ನವನ್ನು ತಕ್ಕಡಿಗೆ ಸುರಿದಳು. ಮುನ್ನೂರ ಹತ್ತು ಗ್ರಾಂ. ತಕ್ಕಡಿ ಕೆಟ್ಟಿದೆಯೇನೋ ಎಂದು ಸಕ್ಕರೆಯ ಪೊಟ್ಟಣ ಇಟ್ಟು ನೋಡಿದಳು. ತಕ್ಕಡಿ ಸರಿಯಾಗೇ ಇತ್ತು. ಎರಡನೆಯ ದಿನ ಮುನ್ನೂರ ಹದಿನೈದು. ಮೂರನೆಯ ದಿನ ಮುನ್ನೂರ ಐದು. ತೂಗುವ ತನಕ ಅದು ಬರೀ 'ಸ್ವಲ್ಪ ಉಳಿಯಿತು' ಆಗಿತ್ತು. ದಿನಾ ಸಂಜೆ ಕೈ ತಾನಾಗಿಯೇ ಡಬ್ಬಿಗೆ ಇಳಿದು ಎರಡು ಲೋಟ ಅಕ್ಕಿ ಅಳೆದುಹಾಕುತ್ತಿತ್ತು, ಇಪ್ಪತ್ತೆರಡು ವರ್ಷ ಅಳೆದ ಹಾಗೆ. ಹಾಲೂ ಅಷ್ಟೇ. ರಾತ್ರಿ ಒಂದು ಲೋಟ ಹಾಲು ಕುಡಿಯುತ್ತಿದ್ದವಳು ತಂಗಿ. ಹಾಲಿನವನಿಗೆ ಅರ್ಧ ಕಡಿಮೆ ಹಾಕು ಎಂದು ಹೇಳಿದರೆ ಯಾಕೆ ಎನ್ನುತ್ತಾನೆ ಎಂದು ಟೀಚರು ಹೇಳಿರಲೇ ಇಲ್ಲ. ಎರಡು ದಿನಕ್ಕೊಮ್ಮೆ ಅದು ಒಡೆದು ಸಿಂಕಿಗೆ ಹೋಗುತ್ತಿತ್ತು.

ಒಂದು ಲೋಟವೇ ಹಾಕಿ ಅಂಕಿ ಸರಿಮಾಡಬಹುದಿತ್ತು. ನಾಲ್ಕನೆಯ ದಿನ ಲೋಟ ಕೈಯಲ್ಲಿ ಹಿಡಿದು ಅದನ್ನೇ ಯೋಚಿಸಿದಳು. ಆದರೆ ಬರೆಯುವುದಕ್ಕೋಸ್ಕರ ಬದುಕನ್ನು ಬದಲಾಯಿಸಿದರೆ ಅದೂ ಅಂಕಿ ಕಟ್ಟಿದ ಹಾಗೇ ಅಲ್ಲವೇ? ಬಾಯಲ್ಲಿ ಸುಳ್ಳು ಹೇಳಬಲ್ಲಳು, ಹಾಳೆಯ ಮೇಲೆ ಬರೆಯಲಾರಳು. ವಿಚಿತ್ರ ಹೆಂಗಸು. ಎರಡು ಲೋಟವನ್ನೇ ಹಾಕಿದಳು, ಬೆಳಿಗ್ಗೆ ತೂಗಿದಳು, ಇದ್ದದ್ದನ್ನು ಇದ್ದ ಹಾಗೆ ಬರೆದಳು.

ಆ ಹಾಳೆಯನ್ನು ಶಾಲೆಗೆ ಒಯ್ಯುವ ಯೋಚನೆ ಆಕೆಗೆ ಇರಲಿಲ್ಲ. ಬ್ಯಾಗಿನಲ್ಲಿ ಹೇಗೋ ಇತ್ತು. ಹಂಚುವ ದಿನ ಎಣಿಸಿದರೆ ಮೂವತ್ತೊಂದೇ ಹಾಳೆ, ಒಬ್ಬ ಹುಡುಗ ಜ್ವರ ಬಂದು ಮಲಗಿದ್ದ. ಗುಂಪಿಗೆ ನಾಲ್ಕು ಎಂದು ಬೋರ್ಡಿನ ಮೇಲೆ ಬರೆದಾಗಿತ್ತು. ಒಂದು ಗುಂಪಿಗೆ ಮೂರು ಕೊಟ್ಟರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಆದರೂ ಟೀಚರು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು, ಅಕ್ಷರ ಗುರುತು ಸಿಗದಿರಲಿ ಎಂದು ಎಡಗೈಯಲ್ಲಿ ಇನ್ನೊಂದು ಪ್ರತಿ ಬರೆದು, ಮೂವತ್ತೆರಡು ಎಂದು ನಂಬರು ಹಾಕಿ ಕಟ್ಟಿನೊಳಗೆ ತುರುಕಿದಳು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಏಳು ತಿಂಗಳಲ್ಲಿ ಆ ಮನೆಯ ಬಗ್ಗೆ ಯಾರಾದರೂ ಒಂದು ಮಾತು ನಿಜ ಹೇಳಲಿ ಎಂದು ಆಸೆಯಾಗಿತ್ತೋ ಏನೋ.

ಮೂವತ್ತೆರಡು ಹೋಗಿ ಬಿದ್ದದ್ದು ತಕ್ಕಡಿಯ ಗುಂಪಿಗೆ. ತಕ್ಕಡಿ ಎಂದರೆ ಮುಂದಿನ ಬೆಂಚಿನ ಹುಡುಗಿ. ಯಾವ ಮಾತನ್ನೂ ತೂಗದೆ ನಂಬದವಳಾದ್ದರಿಂದ ಆ ಹೆಸರು. ಅದೇ ಗುಂಪಿನಲ್ಲಿ ರೇಡಿಯೊ ಎಂಬ ಹುಡುಗನಿದ್ದ. ಅವನಿಗೆ ಆ ಹೆಸರು ಯಾಕೆ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಗುಂಪುಗಳು ಹೇಳಿ ಮುಗಿಸಿದವು. ಏಳು ಜನರ ಮನೆ, ನಾಲ್ಕು ಜನರ ಮನೆ, ಅಜ್ಜಿ ಇರುವ ಮನೆ (ಸಿಪ್ಪೆ ತೆಳ್ಳಗಿದೆ, ಹಳೆಯ ಕೈ), ಪುಟ್ಟ ಮಗು ಇರುವ ಮನೆ. ಟೀಚರು ಹೂಂಗುಟ್ಟುತ್ತಾ ಬರೆದುಕೊಂಡಳು. ಆಮೇಲೆ ತಕ್ಕಡಿ ಎದ್ದು ನಿಂತಳು.

"ಮೂವತ್ತೆರಡಕ್ಕೆ ಸೊನ್ನೆ ಕೊಡ್ಬೇಕು ಟೀಚರ್."

"ಯಾಕೆ?"

"ಅಂಕಿ ಕಟ್ಟಿದಾರೆ. ಏಳು ದಿನಾನೂ ಅನ್ನ ಮುನ್ನೂರರ ಹತ್ರಾನೇ ಉಳಿದಿದೆ. ಯಾರ ಮನೇಲಿ ಹಾಗೆ ಉಳಿಯುತ್ತೆ? ನಮ್ಮನೇಲಿ ಒಂದಿನ ಉಳಿದ್ರೆ ಮಾರನೇ ದಿನ ಅಮ್ಮ ಕಡಿಮೆ ಹಾಕ್ತಾರೆ. ಇವರು ಕಡಿಮೆನೇ ಮಾಡಿಲ್ಲ."

ಟೀಚರಿಗೆ ಮೈ ಉರಿಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ತನ್ನ ಅಂಕಿಗೆ ಯಾರೂ ಸುಳ್ಳು ಎಂದವರಿಲ್ಲ. "ಸೊನ್ನೆ ಕೊಡೋದು ನನ್ನ ಕೆಲಸ," ಎಂದಳು. "ಅಂಕಿ ನಿಜ ಅಂತಲೇ ಇಟ್ಕೊಳ್ಳಿ. ಆಗ ಆ ಮನೆ ಎಂಥದು?"

"ಹಾಗಾದ್ರೆ ಇಬ್ಬರಿದಾರೆ ಟೀಚರ್," ರೇಡಿಯೊ ಎದ್ದ. "ಒಬ್ಬರು ಊಟ ಮಾಡ್ತಿಲ್ಲ. ಕಾಯಿಲೆ ಇರಬೇಕು. ಇಲ್ಲಾಂದ್ರೆ ಕೋಪ ಮಾಡ್ಕೊಂಡಿದಾರೆ. ನಮ್ಮ ಚಿಕ್ಕಪ್ಪ ಒಂದ್ಸಲ..."

"ಚಿಕ್ಕಪ್ಪನ ಕತೆ ಆಮೇಲೆ," ಎಂದಳು ಟೀಚರು. ತರಗತಿ ನಕ್ಕಿತು.

ತಕ್ಕಡಿ ನಗಲಿಲ್ಲ. ಹಾಳೆಯನ್ನೇ ನೋಡುತ್ತಾ, ಪೆನ್ಸಿಲಿನಿಂದ ಮೊದಲ ಅಂಕಣದ ಮೇಲೆ ಮೆಲ್ಲಗೆ ತಟ್ಟುತ್ತಾ ನಿಂತಿದ್ದಳು. "ಇಲ್ಲ," ಎಂದಳು. "ಬಾಳೆಹಣ್ಣಿನ ಸಿಪ್ಪೆ ದಿನಾ ಒಂದೇ ಇದೆ. ಮೊಟ್ಟೆ ಚಿಪ್ಪು ಒಂದೇ. ಅನ್ನ ಮೊದಲೇ ಮಾಡಿಡ್ತಾರೆ, ಆದ್ರೆ ಹಣ್ಣು ತಿನ್ನೋವಾಗಲೇ ಸುಲಿಯೋದು. ಊಟ ಬಿಟ್ಟು ಮುನಿಸ್ಕೊಂಡವರೂ ಏಳು ದಿನದಲ್ಲಿ ಒಂದು ಹಣ್ಣಾದ್ರೂ ತಿಂತಾರೆ." ತಲೆ ಎತ್ತಿ, "ಒಬ್ಬರೇ ಇರೋದು ಟೀಚರ್. ಇಬ್ಬರಿಗೆ ಅಡುಗೆ ಮಾಡ್ತಾರೆ," ಎಂದಳು.

ಟೀಚರು ಮೇಜಿನ ಅಂಚು ಹಿಡಿದುಕೊಂಡಳು. ಹೊರಗೆ ಮೈದಾನದಲ್ಲಿ ಡ್ರಿಲ್ ಮಾಸ್ತರರ ಸೀಟಿ ಕೇಳುತ್ತಿತ್ತು.

"ಸಲಹೆ ಏನು ಬರೆದಿದೀರಿ?" ಎಂದು ಕೇಳಿದಳು.

"ಗೊಬ್ಬರ ಮಾಡಿ ಅಂತ ಇವನು ಬರೆದಿದ್ದ," ತಕ್ಕಡಿ ರೇಡಿಯೊನ ಕಡೆ ನೋಡಿದಳು. "ನಾನು ಹೊಡೆದುಹಾಕಿದೆ. ಅದು ಊಟ, ಕೆಟ್ಟಿಲ್ಲ. ಮೇಲಿನ ಮೆಟ್ಟಿಲಲ್ಲಿ ಇರೋದನ್ನ ಕೆಳಗೆ ಇಳಿಸಬಾರದು ಅಂತ ನೀವೇ ಹೇಳಿದ್ರಲ್ಲ. ಒಂದೋ ಒಂದು ಲೋಟ ಅಕ್ಕಿ ಹಾಕ್ಬೇಕು. ಇಲ್ಲಾಂದ್ರೆ ಊಟಕ್ಕೆ ಯಾರನ್ನಾದ್ರೂ ಕರೀಬೇಕು. ಎರಡೇ ದಾರಿ ಟೀಚರ್, ಮೂರನೇದು ನಮಗೆ ಸಿಗಲಿಲ್ಲ."

ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ್ದಕ್ಕೆ ಯಾವ ಟೀಚರಾದರೂ ಹಿಗ್ಗಬೇಕು. ಪೂರ್ಣಾಂಕ ಎಂದು ಹೇಳಿ ಮುಂದಿನ ಹಾಳೆಗೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು. ಆಕೆ ಹಾಗೆಯೇ ಮಾಡುವವಳಿದ್ದಳು ಕೂಡ. ಅಷ್ಟರಲ್ಲಿ ಯಾರೋ ಪಿಸುಗುಟ್ಟಿದರು, ಒಂದೊಂದಾಗಿ ತಲೆಗಳು ಹಿಂದಕ್ಕೆ ತಿರುಗಿದವು. ಕೊನೆಯ ಬೆಂಚಿನಲ್ಲಿ ವರ್ಷದ ನಡುವೆ ಸೇರಿದ ಹುಡುಗಿಯೊಬ್ಬಳು ಕೂರುತ್ತಿದ್ದಳು. ತಂದೆಯ ಜೊತೆ ಇರುತ್ತಾಳೆ, ತಾಯಿ ಎಲ್ಲಿದ್ದಾರೆ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ ಎಂಬಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಮೂವತ್ತು ಜೊತೆ ಕಣ್ಣು ಅವಳ ಮೇಲೆ ಬಿದ್ದವು. ಹುಡುಗಿ ತಲೆ ತಗ್ಗಿಸಿದಳು. ಕಿವಿ ಕೆಂಪಾಗಿದ್ದು ಟೀಚರಿಗೆ ಮೇಜಿನ ಹತ್ತಿರದಿಂದಲೇ ಕಂಡಿತು.

ಆ ಕೆಂಪು ಎಂಥದ್ದೆಂದು ಟೀಚರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಳು ತಿಂಗಳು ಆಕೆ ಹೆದರಿದ್ದೇ ಅದಕ್ಕೆ.

"ಇಲ್ಲಿ ನೋಡಿ," ಎಂದಳು. ತಲೆಗಳು ತಿರುಗಿದವು. "ಮೂವತ್ತೆರಡು ನನ್ನದು."

ತಕ್ಕಡಿಯ ಕೈಯಿಂದ ಆ ಹಾಳೆಯನ್ನು ತೆಗೆದುಕೊಂಡಳು.

"ನನ್ನ ತಂಗಿ ಮದುವೆಯಾಗಿ ಹೋಗಿ ಏಳು ತಿಂಗಳಾಯ್ತು. ಮನೇಲಿ ನಾನೊಬ್ಬಳೇ. ಅಂಕಿ ಕಟ್ಟಿಲ್ಲ, ತೂಗಿ ಬರೆದಿದೀನಿ. ಇವಳು ಹೇಳಿದ್ದು ಪೂರ್ತಿ ಸರಿ. ಕೂತ್ಕೋ, ಪೂರ್ಣಾಂಕ."

ತಕ್ಕಡಿ ಕೂರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. "ಟೀಚರ್, ನಾನು ಸೊನ್ನೆ ಅಂದೆ..."

"ಸರಿಯಾದ ಅನುಮಾನಾನೇ ಪಟ್ಟಿದೀಯ. ಕೂತ್ಕೋಮ್ಮಾ," ಎಂದಳು ಟೀಚರು. ಬೆಲ್ಲು ಬಾರಿಸಲು ಇನ್ನೂ ಆರು ನಿಮಿಷವಿತ್ತು. ಆ ಆರು ನಿಮಿಷ ಆಕೆ ಮಕ್ಕಳಿಗೆ ಬೆನ್ನು ಹಾಕಿ ನಿಂತು, ಅಳಿಸುವುದಕ್ಕೆ ಏನೂ ಅವಸರವಿಲ್ಲದ ಬೋರ್ಡನ್ನು ಅಳಿಸಿದಳು.

ರೇಡಿಯೊ ಇರುವ ತರಗತಿಯಲ್ಲಿ ಆಡಿದ ಮಾತು ಎಷ್ಟು ಹೊತ್ತು ಅಲ್ಲೇ ಉಳಿದೀತು? ಊಟದ ಬಿಡುವಿಗೆ ಟೀಚರು ಸ್ಟಾಫ್ ರೂಮಿಗೆ ಕಾಲಿಟ್ಟಾಗ ಮಾತುಕತೆ ಗಕ್ಕನೆ ನಿಂತಿತು. ಆಕೆ ತನ್ನ ಕುರ್ಚಿಗೆ ಹೋಗಿ ಡಬ್ಬಿ ತೆರೆದಳು. ಮುಚ್ಚಳದ ಸದ್ದು ಇಡೀ ಕೋಣೆಗೆ ಕೇಳಿಸಿತು.

ಕೊನೆಗೆ ಗಣಿತದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮನುಷ್ಯ, ಬೇಕಾದದ್ದಕ್ಕಿಂತ ಒಂದು ಪದವೂ ಹೆಚ್ಚು ಆಡದವರು. "ನಮಗೆ ಗೊತ್ತಿತ್ತು ಟೀಚರ್," ಎಂದರು.

"ಏನು ಗೊತ್ತಿತ್ತು?"

"ಮದುವೆಗೆ ಎರಡು ದಿನ ಮುಂಚೆ ನಿಮ್ಮ ತಂಗಿ ಇಲ್ಲಿಗೆ ಬಂದಿದ್ರು. ನೀವು ಕ್ಲಾಸಲ್ಲಿದ್ರಿ. 'ಅಕ್ಕ ಒಬ್ಬಳೇ ಆಗ್ತಾಳೆ, ಅವಳಾಗಿ ಯಾರ ಹತ್ರಾನೂ ಹೇಳ್ಕೊಳ್ಳೋಳಲ್ಲ, ಸ್ವಲ್ಪ ನೋಡ್ಕೊಳ್ಳಿ' ಅಂತ ಹೇಳಿ ಹೋದ್ರು. ನೋಡ್ಕೊಳ್ಳೋದು ಅಂದ್ರೆ ಹೇಗೆ ಅಂತ ನಮಗೂ ತಿಳೀಲಿಲ್ಲ. ನೀವು 'ತಂಗಿ ಹೇಳಿದಳು' ಅಂತಿದ್ರಿ. ನಾವು ಹೂಂ ಅಂತಿದ್ವಿ."

ಏಳು ತಿಂಗಳು. ಇಲ್ಲದ ತಂಗಿಯ ನೆಗಡಿಯ ಬಗ್ಗೆ, ಓದಿದ ಪುಸ್ತಕದ ಬಗ್ಗೆ, ಕೊಂಡ ಚಪ್ಪಲಿಯ ಬಗ್ಗೆ ಆಕೆ ಹೇಳಿದ್ದಳು. ಇವರು ಚಹಾದ ಲೋಟ ಹಿಡಿದು ಹೂಂ ಎಂದಿದ್ದರು. ವಿಜ್ಞಾನದ ಟೀಚರು ನೆಗಡಿಗೆ ಔಷಧವನ್ನೂ ಹೇಳಿದ್ದಳು. ಟೀಚರಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ನಗು ಬಂತು, ಮೂರೂ ಒಟ್ಟಿಗೆ. ತಲೆಯಾಡಿಸಿ ತುತ್ತು ಬಾಯಿಗಿಟ್ಟುಕೊಂಡಳು. ಸುತ್ತಲೂ ಒಂಬತ್ತು ಜನರಿದ್ದರು. ಏಳು ತಿಂಗಳಲ್ಲಿ ಅಷ್ಟು ಒಂಟಿ ಎಂದು ಆಕೆಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಡುಗೆಮನೆಯ ಕಿಟಕಿಯಿಂದ ಎದುರು ಮನೆಯವರು ಬಟ್ಟೆ ತೆಗೆಯುವುದು ಕಾಣುತ್ತಿತ್ತು. ಟೀಚರು ಕೈಕಾಲು ತೊಳೆದು, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಒಂದು ಲೋಟ ಅಳೆದು ಪಾತ್ರೆಗೆ ಸುರಿದಳು. ಕೈ ಎರಡನೆಯದಕ್ಕೆ ಡಬ್ಬಿಗೆ ಇಳಿಯಿತು. ಅದನ್ನು ಹಿಡಿದು ನಿಲ್ಲಿಸಿ, ಖಾಲಿ ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

ಆ ಅಕ್ಕಿ ಪಾತ್ರೆಯ ತಳವನ್ನು ಸರಿಯಾಗಿ ಮುಚ್ಚಲೂ ಇಲ್ಲ. ನೀರು ಎಷ್ಟು ಹಾಕಬೇಕು ಎಂದು ಆಕೆಗೆ ತಿಳಿಯಲಿಲ್ಲ. ಐವತ್ತನಾಲ್ಕು ವರ್ಷದ ಬದುಕಿನಲ್ಲಿ, ಮೊದಲು ಹುಟ್ಟಿದ ಮನೆಯ ಎಂಟು ಜನಕ್ಕೆ, ಆಮೇಲೆ ಇಬ್ಬರಿಗೆ, ಹೀಗೇ ಅಡುಗೆ ಮಾಡಿದವಳು. ಒಬ್ಬರಿಗೆಂದು ಅವಳು ಒಂದು ದಿನವೂ ಒಲೆ ಹಚ್ಚಿರಲಿಲ್ಲ.

ಅಂದು ಭಾನುವಾರವಾಗಿರಲಿಲ್ಲ. ಆದರೂ ಫೋನು ತೆಗೆದು ತಂಗಿಯ ನಂಬರು ಒತ್ತಿದಳು. ಒಂದೇ ರಿಂಗಿಗೆ ಎತ್ತಿದಳು ತಂಗಿ.

"ಅಕ್ಕಾ? ಏನಾಯ್ತು?"

"ಏನಾಗಿಲ್ಲ. ಒಂದು ಲೋಟ ಅಕ್ಕಿಗೆ ನೀರೆಷ್ಟು?"

ಆ ಕಡೆ, ಹಿಂದೆ ಎಲ್ಲೋ ಅಂಗಡಿಯ ಬಾಗಿಲಿನ ಗಂಟೆ ಟಿಣ್ ಎಂದಿತು.

"ಎರಡೂವರೆ ಲೋಟ," ಎಂದಳು ತಂಗಿ. "ಎರಡಕ್ಕೆ ನಾಲ್ಕು ಹಾಕ್ತಿದ್ವಲ್ಲ, ಅದರ ಅರ್ಧ ಅಂತ ಎರಡು ಹಾಕ್ಬೇಡ. ತಳ ಹಿಡಿಯುತ್ತೆ. ಒಬ್ಬರಿಗೆ ಮಾಡೋವಾಗ ನೀರು ಒಂದು ಚೂರು ಜಾಸ್ತಿ ಬೇಕು. ಉರಿ ಸಣ್ಣಗಿರಲಿ. ಸಣ್ಣ ಪಾತ್ರೆ ತಗೋ, ಮೇಲಿನ ಗೂಡಲ್ಲಿದೆ. ನಿನಗೇ ಅಂತ ತಂದಿಟ್ಟಿದ್ದೆ, ನೋಡಿರ್ತೀಯ."

ನೋಡಿರಲಿಲ್ಲ. ಟೀಚರು ಸ್ಟೂಲು ಎಳೆದುಕೊಂಡು ಹತ್ತಿ ಮೇಲಿನ ಗೂಡಿಗೆ ಕೈ ಹಾಕಿದಳು. ಕಾಗದದಲ್ಲಿ ಸುತ್ತಿದ ಪುಟ್ಟ ಪಾತ್ರೆಯೊಂದಿತ್ತು. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ, ಮೇಲೆ ಏಳು ತಿಂಗಳ ಧೂಳು.

"ಅಕ್ಕಾ," ತಂಗಿ ಮೆಲ್ಲಗೆ ಕೇಳಿದಳು. "ಇಷ್ಟು ದಿನ ಎಷ್ಟು ಹಾಕ್ತಿದ್ದೆ?"

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಒಲೆಯ ಮೇಲೆ ಹಾಲಿದೆ ಎನ್ನಬಹುದಿತ್ತು. ಟೀಚರು ಸ್ಟೂಲಿನ ಮೇಲೆ ನಿಂತೇ, ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಕಿಟಕಿಯ ಕಡೆ ನೋಡಿದಳು.

"ಎರಡು," ಎಂದಳು.

ಆ ಕಡೆ ತಂಗಿ ಅಳುತ್ತಿರುವುದು ಕೇಳಿಸಿತು. ಟೀಚರು ಫೋನು ಇಡಲಿಲ್ಲ. ಸ್ಟೂಲಿನಿಂದ ಇಳಿದು, ಪುಟ್ಟ ಪಾತ್ರೆಯನ್ನು ತೊಳೆದು, ಅಕ್ಕಿಯನ್ನು ಅದಕ್ಕೆ ಸುರಿದು, ಎರಡೂವರೆ ಲೋಟ ನೀರು ಅಳೆದು ಹಾಕಿದಳು.